ಕಾಕಾ ಬಂದರು, ಫ್ಯಾನ್ ಆರಿಸಿ!

ನಮ್ಮ ಕಾಕಾ ಮನೆಗೆ ಬಂದರೆ ಮೊದಲು ಮಾತಾಡಿಸುವುದು ನನ್ನನ್ನಲ್ಲ, ನನ್ನ ಗಂಡನನ್ನಲ್ಲ, "ಅಜ್ಜಾ" ಎಂದು ಓಡಿಬರುವ ನನ್ನ ಮಗಳನ್ನೂ ಅಲ್ಲ. ಅವರು ಮೊದಲು ಕೈ ಹಾಕುವುದು ಹಾಲ್‌ನ ಫ್ಯಾನಿನ ಸ್ವಿಚ್ಚಿಗೆ! ಇನ್ನೂ ಎಡಗಾಲಿನ ಚಪ್ಪಲಿ ಕಾಲಲ್ಲೇ ಇರುತ್ತದೆ, ಅಷ್ಟರಲ್ಲಿ ಟಪ್ ಎಂದು ಆರಿಸಿ, ತಲೆಯೆತ್ತಿ, ರೆಕ್ಕೆಗಳು ನಿಲ್ಲುವವರೆಗೂ ನೋಡುತ್ತಾ ನಿಲ್ಲುತ್ತಾರೆ. ಪೂರ್ತಿ ನಿಂತ ಮೇಲೆ, "ಹಾಂ, ಈಗ ಹೇಳವಾ, ಆರಾಮ ಇದ್ದೀಯಿಲ್ಲೊ?" ಅನ್ನುತ್ತಾರೆ. ಮುಲುಂಡ್‌ನಲ್ಲಿ, ಅಕ್ಟೋಬರ್ ತಿಂಗಳಲ್ಲಿ, ಮಧ್ಯಾಹ್ನ ಹನ್ನೆರಡು ಗಂಟೆಗೆ, ಫ್ಯಾನಿಲ್ಲದೆ ಆರಾಮ ಇರುವವರು ಯಾರಾದರೂ ಇದ್ದಾರೆಯೇ?

ಊರ ಕಡೆ ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುತ್ತಾರೆ. ಮುಂಬಯಿಯಲ್ಲಿ ನಾವು ಮೊದಲು ಫ್ಯಾನ್ ಕೊಡುತ್ತೇವೆ, ಆಮೇಲೆ ನೀರು. ಒಂದು ಕೋಟಿಗೂ ಮಿಕ್ಕ ಜನ ಎಲ್ಲಿ ಒಂದಿಷ್ಟು ಗಾಳಿ ಸಿಕ್ಕೀತು ಎಂದು ಲೋಕಲ್‌ನ ಬಾಗಿಲಿಗೆ ಜೋತುಬೀಳುವ ಈ ಊರಿನಲ್ಲಿ ಗಾಳಿಗೆ ಒಬ್ಬನೇ ಒಬ್ಬ ವೈರಿ ಇದ್ದರೆ ಅದು ನಮ್ಮ ಕಾಕಾ. ಫ್ಯಾನ್ ಆದ ಮೇಲೆ ಕಿಟಕಿ. ಕಿಟಕಿ ಆದ ಮೇಲೆ ಬಾಲ್ಕನಿಯ ಬಾಗಿಲು. ಅದರ ಅಡಿಯ ಸಂದಿಗೆ ಕಾಲೊರೆಸುವ ಚಾಪೆ. ಎಲ್ಲ ಬಂದೋಬಸ್ತಾದ ಮೇಲೆ ನಾವು ಹಬೆಯಲ್ಲಿಟ್ಟ ಕಡುಬಿನ ಹಾಗೆ ಸೋಫಾದ ಮೇಲೆ ಕೂತಿರಬೇಕು. ಆಗ ಕಾಕಾ ತಮ್ಮ ಡಬ್ಬಿ ತೆಗೆಯುತ್ತಾರೆ. ಡಬ್ಬಿಯೊಳಗೆ ವಿಮಾನ!

ಗಾಬರಿ ಬೇಡ, ಆಟಿಕೆ ವಿಮಾನ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪ್ಲಾಸ್ಟಿಕ್ಕಿನದು. ಒಂದು ಸಣ್ಣ ನಳಿಕೆಯಿಂದ ಮೆಲ್ಲಗೆ ಊದಿದರೆ ಒಂದೂವರೆ ಗೇಣಿನ ರೆಕ್ಕೆಗಳು ಉಬ್ಬಿ ನಿಲ್ಲುತ್ತವೆ. ಒಂದು ಹಪ್ಪಳದ ತೂಕವೂ ಇಲ್ಲ. ಅದನ್ನು ಎಸೆಯುವ ಹಾಗಿಲ್ಲ; ಎರಡು ಬೆರಳಲ್ಲಿ ಹಿಡಿದು ಗಾಳಿಯಲ್ಲಿ ಸುಮ್ಮನೆ ಬಿಟ್ಟುಬಿಡಬೇಕು. ಅದು ಮುಂದೆ ಜಾರುತ್ತಾ ಇಳಿಯತೊಡಗುತ್ತದೆ. ಆಗ ಅದರ ಹಿಂದೆ ಅಗಲವಾದ ಒಂದು ರಟ್ಟನ್ನು ಓರೆಯಾಗಿ ಹಿಡಿದುಕೊಂಡು ನಡೆಯಬೇಕು. ರಟ್ಟಿಗೆ ತಾಗಿ ಮೇಲೇಳುವ ಗಾಳಿಯ ಮೇಲೆ ಅದು ತೇಲುತ್ತಾ ಹೋಗುತ್ತದೆ. ರಟ್ಟು ಎಡಕ್ಕೆ ವಾಲಿಸಿದರೆ ಎಡಕ್ಕೆ, ಬಲಕ್ಕೆ ವಾಲಿಸಿದರೆ ಬಲಕ್ಕೆ. ವೇಗ ಎಷ್ಟು ಅಂತೀರಿ? ಮಂಡಿನೋವಿನ ಮುದುಕಿ ದೇವಸ್ಥಾನ ಸುತ್ತುವಷ್ಟು! ಯಾರಾದರೂ ಸೀನಿದರೆ ಮುಗಿಯಿತು, ವಿಮಾನ ಫ್ರಿಜ್ಜಿನ ಹಿಂದೆ.

ಇದು ಬಂದದ್ದು ನನ್ನ ಮಗಳು ಸಾನ್ವಿಗೆ, ಯಾರದೋ ಬರ್ತ್‌ಡೇ ಪಾರ್ಟಿಯ ರಿಟರ್ನ್ ಗಿಫ್ಟಾಗಿ. ಒಂಬತ್ತು ವರ್ಷದ ಅವಳು ಎರಡು ನಿಮಿಷ ಆಡಿ, "ಬೋರಿಂಗ್ ಹೈ" ಎಂದು ತೀರ್ಪು ಕೊಟ್ಟು ಬಿಸಾಕಿದಳು. ಅವತ್ತು ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ ಕಾಕಾ ಅದನ್ನು ಎತ್ತಿಕೊಂಡರು. ಎತ್ತಿಕೊಂಡವರು ಇವತ್ತಿನವರೆಗೆ ಇಳಿಸಿಲ್ಲ.

ಎತ್ತುವುದು ಇಳಿಸುವುದು ಅಂದೆನಲ್ಲ, ಕಾಕಾನ ಹೊಟ್ಟೆಪಾಡೇ ಅದು. ವಿಜಾಪುರದ ಕಡೆಯಿಂದ ಹುಡುಗನಾಗಿದ್ದಾಗ ಬಂದವರು ಮುಂಬಯಿ ಬಂದರಿನ ಡಾಕ್ ಸೇರಿ, ಮೂವತ್ತು ವರ್ಷಕ್ಕೂ ಹೆಚ್ಚು ಕ್ರೇನ್ ನಡೆಸಿದರು. ಐದಾರು ಮಾಳಿಗೆ ಎತ್ತರದ ಗೂಡಿನಲ್ಲಿ ಒಬ್ಬರೇ ಕೂತು, ಹಡಗಿನ ಹೊಟ್ಟೆಯೊಳಗಿಂದ ಕಬ್ಬಿಣದ ಸುರುಳಿ, ಯಂತ್ರ, ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನೆಲ್ಲ ಎತ್ತಿ ದಡಕ್ಕೆ ಇಳಿಸುವ ಕೆಲಸ. ಅಂಥ ಮನುಷ್ಯ ರಿಟೈರಾದ ಮೇಲೆ ಹಪ್ಪಳ ಹಾರಿಸುತ್ತಾ ಕೂತರೆ ಕಟ್ಟಿಕೊಂಡವರು ಸುಮ್ಮನಿರುತ್ತಾರೆಯೇ?

"ಹಡಗ ಖಾಲಿ ಮಾಡ್ಯಾರ, ಖರೆ," ಅನ್ನುತ್ತಾರೆ ನಮ್ಮ ಕಾಕು. "ಮನ್ಯಾಗ ಒಂದ್ ದಿನಾ ಗ್ಯಾಸ್ ಸಿಲಿಂಡರ್ ಸರಿಸಿ ಕೊಟ್ಟಿಲ್ಲ ನೋಡವಾ ಈ ಮನಷ್ಯಾ!"

ಕಾಕಾ ವಿಮಾನದಿಂದ ಕಣ್ಣು ತೆಗೆಯದೆ ಕೇಳುತ್ತಾರೆ, "ನೀ ಸಿಗ್ನಲ್ ಕೊಟ್ಟಿದ್ದೇನ?"

ಕಾಕಾ ಕಾಕು ಇರುವುದು ಸಯನ್‌ನಲ್ಲಿ. ಅವರ ಮನೆಯ ಹಾಲ್‌ನಲ್ಲಿ ವಿಮಾನ ಹೊರಡುವಷ್ಟರಲ್ಲಿ ಗೋಡೆ ಬಂದುಬಿಡುತ್ತದೆ. ನಮ್ಮ ಹಾಲ್ ಉದ್ದ, ನಡುವೆ ಊಟದ ಟೇಬಲ್ಲು. ಆ ಟೇಬಲ್ಲಿಗೆ ಒಂದು ಪೂರ್ತಿ ಸುತ್ತು ಹಾಕಿಸಿ, ಎಲ್ಲೂ ತಾಗದ ಹಾಗೆ ಹೇಳಿದ ಜಾಗದಲ್ಲಿ ಇಳಿಸಬೇಕು ಎಂಬುದು ಕಾಕಾನ ಹಟ. ಹೀಗಾಗಿ ಪ್ರತಿ ಐತವಾರ ಸಯನ್‌ನಿಂದ ಮುಲುಂಡ್‌ಗೆ ವಿಮಾನಯಾನ, ಲೋಕಲ್ ಟ್ರೇನಿನಲ್ಲಿ! ಗಾಳಿ ತೆಗೆದು ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳಬಾರದೇ ಎಂದರೆ, ಮಡಿಕೆ ಬಿದ್ದರೆ ಅದು ನೆಟ್ಟಗೆ ಹಾರುವುದಿಲ್ಲವಂತೆ. ಅದಕ್ಕೆ ಒಂದು ದೊಡ್ಡ ಕೇಕಿನ ಡಬ್ಬಿ. ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಮಟ್ಟ ಹಿಡಿದು ಗರ್ದಿಯೊಳಗೆ ನುಗ್ಗಿದರೆ ಜನ ದಾರಿ ಬಿಡುತ್ತಾರೆ.

"ಕೇಕ್ ಹೈ ಕ್ಯಾ, ಅಂಕಲ್?"

"ನಹೀ. ವಿಮಾನ್ ಹೈ."

ಕೇಳಿದವನು ಒಮ್ಮೆ ಕಾಕಾನ ಮುಖ ನೋಡಿ, ಒಮ್ಮೆ ಡಬ್ಬಿ ನೋಡಿ, ಯಾಕೆ ಬೇಕು ಎಂದು ಎದ್ದು ಸೀಟು ಬಿಟ್ಟುಕೊಟ್ಟನಂತೆ. ಕಾಕಾ ಆ ಸೀಟಿನ ಮೇಲೆ ಡಬ್ಬಿಯನ್ನು ಕೂರಿಸಿ, ತಾವು ಮುಲುಂಡ್‌ವರೆಗೆ ನಿಂತೇ ಬಂದರು!

ಮೊದಮೊದಲು ನಾವು ಇದನ್ನೆಲ್ಲ ಅರವತ್ತರ ಮರುಳು ಎಂದುಕೊಂಡೆವು. ಸಂಶಯವೇ ಬೇಡ ಅನ್ನುವಂಥದೊಂದು ಪ್ರಸಂಗವನ್ನು ನಾನೇ ಕಣ್ಣಾರೆ ನೋಡಿದೆ. ವಿಮಾನ ಸಿಕ್ಕ ದಿನವೇ, ಅಡುಗೆಮನೆಯಿಂದ ಇಣುಕಿದರೆ, ಕಾಕಾ ಅದನ್ನು ತಮ್ಮ ಬೋಳುತಲೆಯ ಮೇಲೆ ಎತ್ತಿ ಹಿಡಿದು ಬಿಟ್ಟರು. ಅದು ತಲೆಗೆ ತಾಗಿ ಕೆಳಗೆ ಬಿತ್ತು. ಎತ್ತಿಕೊಂಡು ಮತ್ತೆ ಬಿಟ್ಟರು. ಹೀಗೆ ಎಂಟು ಹತ್ತು ಸಲ! ಆಮೇಲೆ ಸ್ಟೂಲ್ ಹತ್ತಿ, ಸೋಫಾದ ಮೇಲೆ ಬಾಯಿ ತೆರೆದು ಮಲಗಿದ್ದ ಕಾಕುವಿನ ಮುಖಕ್ಕೆ ಗುರಿಯಿಟ್ಟು ಬಿಟ್ಟರು. ಕಾಕು ಅಲುಗಲಿಲ್ಲ.

"ಏಳ್ಲಿಲ್ಲ!" ಕಾಕಾ ಸ್ಟೂಲಿನ ಮೇಲಿಂದಲೇ ನನ್ನ ಕಡೆ ತಿರುಗಿ ಕೂಗಿದರು. "ಮಾರಿ ಮ್ಯಾಲ ಬಿದ್ದರೂ ಏಳ್ಲಿಲ್ಲ ನೋಡ ತಂಗಿ!"

ಕೂಗಿದ್ದಕ್ಕೆ ಕಾಕು ಎದ್ದರು. ಎದ್ದ ಮೇಲೆ ನಡೆದ ಮಾತುಕತೆಯನ್ನು ಇಲ್ಲಿ ಬರೆಯಲಾರೆ.

ಇನ್ನು ಸಿಗ್ನಲ್‌ನ ವಿಷಯ. ಕ್ರೇನಿನವನಿಗೆ ಕೆಳಗೆ ಏನಿದೆ, ಯಾರಿದ್ದಾರೆ ಎಂದು ಸರಿಯಾಗಿ ಕಾಣುವುದಿಲ್ಲವಂತೆ. ಅದಕ್ಕೆ ನೆಲದ ಮೇಲೆ ಒಬ್ಬ ಸಿಗ್ನಲ್‌ಮನ್. ಅವನು ತೋರುಬೆರಳು ಮೇಲೆ ಮಾಡಿ ತಿರುಗಿಸಿದರೆ 'ಹಬೇಸ್', ಅಂದರೆ ಎತ್ತು. ಕೆಳಗೆ ಮಾಡಿ ತಿರುಗಿಸಿದರೆ 'ಆರಿಯಾ', ಅಂದರೆ ಇಳಿಸು. ಡಾಕ್‌ನಲ್ಲಿ ಸರಕು ಸಾಗಿಸುವ ಖಲಾಸಿಗಳ ಮಾತು ಇವು. ಎತ್ತು, ಇಳಿಸು ಎಂದು ಆ ಒಬ್ಬನೇ ಹೇಳಬೇಕು, ಮುಖ್ಯಮಂತ್ರಿ ಬಂದು ಹೇಳಿದರೂ ಕೇಳುವ ಹಾಗಿಲ್ಲ. ಆದರೆ ಅಂಗೈ ತೋರಿಸಿ 'ನಿಲ್ಲಿಸು' ಎಂದು ಯಾರು ಹೇಳಿದರೂ, ಚಹಾ ಮಾರುವವನು ಹೇಳಿದರೂ, ನಿಲ್ಲಿಸಲೇಬೇಕು. ಈ ಕಾನೂನು ಹಡಗಿಗೆ ಹೇಗೋ ಹಪ್ಪಳಕ್ಕೂ ಹಾಗೆಯೇ. ಎದುರಿಗೆ ಒಬ್ಬರು ನಿಂತು ಸಿಗ್ನಲ್ ಕೊಡದಿದ್ದರೆ ಕಾಕಾನ ವಿಮಾನ ಬೆರಳು ಬಿಟ್ಟು ಏಳುವುದಿಲ್ಲ!

ಮೊದಲು ಆ ಹುದ್ದೆಗೆ ಕಾಕುವನ್ನು ನೇಮಿಸಿದರು. ಕಾಕುಗೆ ಕಾನೂನಿನ ಕೊನೆಯ ಕಲಮು ಮಾತ್ರ ಬಹಳ ಹಿಡಿಸಿತು. ವಿಮಾನ ಎರಡು ಹೆಜ್ಜೆ ಹೋಯಿತೋ ಇಲ್ಲವೋ, ಅಂಗೈ! ಮತ್ತೆ ಎರಡು ಹೆಜ್ಜೆ, ಅಂಗೈ! ಕೊನೆಗೆ ಕಾಕಾ ಟೀವಿ ಹಚ್ಚಲು ಹೋದರೂ ಅಂಗೈ, ಮೂರನೆಯ ಹೋಳಿಗೆಗೆ ಕೈಹಾಕಿದರೂ ಅಂಗೈ. ನಲವತ್ತು ವರ್ಷದ ಸಂಸಾರದಲ್ಲಿ ಈ ಸೌಲಭ್ಯ ಮೊದಲೇ ಗೊತ್ತಾಗಲಿಲ್ಲವಲ್ಲ ಎಂದು ಕಾಕುಗೆ ಹಳಹಳಿ.

ಅವರನ್ನು ತೆಗೆದು ನನ್ನನ್ನು ನಿಲ್ಲಿಸಿದರು. ಎರಡನೆಯ ಐತವಾರ, ವಿಮಾನ ಟೇಬಲ್ಲಿನ ಮೇಲೆ ಗಂಭೀರವಾಗಿ ಸಾಗುತ್ತಿರುವಾಗ, ನನ್ನ ಮೂಗು ತುರಿಸಿತು. ಕೈ ಮೇಲಿನಿಂದ ಕೆಳಗೆ ಬಂತು. ಕಾಕಾ ಸಿಗ್ನಲ್ಲಿಗೆ ತಪ್ಪುವವರೇ? ವಿಮಾನ ನೇರವಾಗಿ ಸಾರಿನ ಪಾತೇಲಿಯೊಳಗೆ ಇಳಿಯಿತು!

"ನೀ ಆರಿಯಾ ಅಂದಿ, ನಾ ಇಳಿಸಿದೆ," ಎಂದರು ಕಾಕಾ, ನಿರುದ್ವೇಗದಿಂದ. ಸಾನ್ವಿಯನ್ನು ನಿಲ್ಲಿಸಿದರೆ ಅವಳು ಸಿಗ್ನಲ್ ಜೊತೆಗೆ ಸೊಂಟವನ್ನೂ ತಿರುಗಿಸಿ, ಅದಕ್ಕೆ ಹಾಡನ್ನೂ ಸೇರಿಸಿ, ಕಡೆಗೆ "ಅಜ್ಜಾ, ಫ್ಯಾನ್ ಆನ್ ಕರೋ ನಾ, ನನಗೆ ತುಂಬಾ ಗರ್ಮಿ ಆಗ್ತಾ ಹೈ" ಎಂದು ನೆಲದ ಮೇಲೆ ಹೊರಳಿದಳು. ನನ್ನ ಗಂಡ ಮಾತ್ರ ಜಾಣ. ಐತವಾರ ಕಾಕಾ ಬರುವ ಹೊತ್ತಿಗೆ ಸರಿಯಾಗಿ ಅವರಿಗೆ ಬಿಲ್ಡಿಂಗಿನ ಮೀಟಿಂಗ್ ಇರುತ್ತದೆ.

"ನಿಮ್ಮ ಯಾರ ಕೈಲೂ ಆಗೂದಿಲ್ಲ," ಎಂದರು ಕಾಕಾ ಒಂದು ದಿನ, ರಟ್ಟನ್ನು ಗೋಡೆಗೆ ಒರಗಿಸಿ. "ಇದಕ್ಕ ಲಾಲಸಾಬನ ಬೇಕು."

ಕಾಕು ಬೀಸಿಕೊಳ್ಳುತ್ತಿದ್ದ ಸೆರಗನ್ನು ಹಾಗೇ ಹಿಡಿದರು. "ಅವರು ಬರೂದಿಲ್ಲ. ಯಾಕ ಸುಮ್ಮ ಅವರ ಹೆಸರ ತಗೀತೀರಿ?"

ಲಾಲಸಾಬ್ ಚಾಚಾ ಕಾಕಾನ ಸಿಗ್ನಲ್‌ಮನ್. ಅವರೂ ವಿಜಾಪುರದ ಕಡೆಯವರೇ, ಇಂಡಿ ತಾಲೂಕು; ಮನೆ ವಡಾಲದಲ್ಲಿ. ಇಪ್ಪತ್ತೆರಡು ವರ್ಷ ಅವರು ಕೆಳಗೆ, ಕಾಕಾ ಮೇಲೆ. ಡ್ಯೂಟಿಯ ಮೇಲೆ ಒಂದು ಮಾತೂ ಆಡುವಂತಿಲ್ಲ, ಆಡಿದರೂ ಕೇಳಿಸದು, ಎಲ್ಲ ಕೈಯಲ್ಲೇ. ಹೀಗೆ ಕೈಯಲ್ಲಿ ಮಾತಾಡಿ ಮಾತಾಡಿ ಇಬ್ಬರಿಗೂ ಅದೇ ಚಟವಾಗಿತ್ತು. ವಡಾಲ ಸ್ಟೇಷನ್ನಿನಲ್ಲಿ ಕಾಕಾ ಈ ಪ್ಲಾಟ್‌ಫಾರ್ಮ್, ಚಾಚಾ ಆ ಪ್ಲಾಟ್‌ಫಾರ್ಮ್, ನಡುವೆ ಹಳಿ. ಇಲ್ಲಿಂದ ಬೆರಳು ತಿರುಗಿದರೆ ಅಲ್ಲಿಂದ ಅಂಗೈ. "ಎರಡು ಗಾಡಿ ಬಿಟ್ಟರವಾ, ಕೈ ಆಡಿಸ್ಕೋತ!" ಎಂದು ಕಾಕು ಎಷ್ಟು ಸಲ ದೂರಿದ್ದಾರೋ. ಏನು ಅಷ್ಟು ಮಾತು ಎಂದು ಕೇಳಿದರೆ, "ಅವರ ಮನ್ಯಾಗ ಇವತ್ತ ಬದನೀಕಾಯಿ ಪಲ್ಯ" ಎಂದು ಉತ್ತರವಂತೆ.

ನಾಲ್ಕು ವರ್ಷದ ಹಿಂದೆ, ಚಾಚಾ ರಿಟೈರಾಗಲು ಕೆಲವೇ ತಿಂಗಳಿರುವಾಗ ಅವರ ಬಲಗೈ ನಡುಗತೊಡಗಿತು. ಯಾರಿಗೂ ಹೇಳಲಿಲ್ಲ. ಒಂದು ದಿನ ಕಾಕಾ ಮೇಲಿನಿಂದ ನೋಡುತ್ತಾರೆ, ಲಾಲಸಾಬನ ಬೆರಳು ಮೇಲೆ ಅನ್ನುತ್ತಿದೆಯೋ ಕೆಳಗೆ ಅನ್ನುತ್ತಿದೆಯೋ ತಿಳಿಯುತ್ತಿಲ್ಲ! ಕೊಕ್ಕೆಯಲ್ಲಿ ದೊಡ್ಡ ಕಬ್ಬಿಣದ ಸುರುಳಿ, ಕೆಳಗೆ ಐದಾರು ಖಲಾಸಿಗಳು. ಕಾಕಾ ಎಲ್ಲಿತ್ತೋ ಅಲ್ಲೇ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಚಾಚಾ ತಲೆಯೆತ್ತಿ ಕಾಕಾನನ್ನು ನೋಡಿದರು, ಅಂಗೈ ತೋರಿಸಿದರು, ಹೆಲ್ಮೆಟ್ ತೆಗೆದು ಅಲ್ಲೇ ಇಟ್ಟು ಹೊರಟುಹೋದರು. ಅವತ್ತು ಜೇಬಿಗೆ ಹೋದ ಕೈ ಹೊರಗೆ ಬರಲಿಲ್ಲ. ಈಗ ಅವರು ಮದುವೆ ಮನೆಯಲ್ಲಿ ಸಲಾಮನ್ನೂ ಬಾಯಲ್ಲೇ ಹೇಳುತ್ತಾರೆ. ಚಹಾ ಕೊಟ್ಟರೆ ಬಸಿಯನ್ನು ಟೇಬಲ್ ಮೇಲಿಡಿಸಿ ತಾವೇ ಬಗ್ಗಿ ಕುಡಿಯುತ್ತಾರೆ. ಕಾಕಾ ಎಷ್ಟೋ ಸಲ ವಡಾಲಕ್ಕೆ ಹೋಗಿ ಕೂತು ಬಂದರು. ಚಾಚಾ ಅಂದದ್ದು ಒಂದೇ ಮಾತು:

"ನನ್ನ ಕೈ ಈಗ ಸುಳ್ಳ ಹೇಳತೈತಿ, ದೋಸ್ತ್. ಕೆಳಗ ಮಂದಿ ಇರ್ತಾರ."

ಇದನ್ನು ಕಾಕು ನನಗೆ ಅಡುಗೆಮನೆಯಲ್ಲಿ, ಮೆಲುದನಿಯಲ್ಲಿ ಹೇಳಿದರು. ಹಾಲ್‌ನಲ್ಲಿ ಕಾಕಾ ಒಬ್ಬರೇ ರಟ್ಟು ಹಿಡಿದು ನಿಂತಿದ್ದರು. ವಿಮಾನ ಬೆರಳ ತುದಿಯಲ್ಲಿತ್ತು. ನಾನು ಮೊದಲ ಸಲ ಅವರನ್ನು ನೋಡಿ ನಗಲಿಲ್ಲ.

ಅಂತೂ ಮುಂದಿನ ಐತವಾರ ಚಾಚಾ ಬಂದರು. ಹೇಗೆ ಬಂದರು? ನಾನೇ ಫೋನ್ ಮಾಡಿ, "ಚಾಚಾ, ಜೋಳದ ರೊಟ್ಟಿ ಎಣ್ಣೆಗಾಯಿ ಮಾಡಿದ್ದೇನೆ" ಎಂದು ಸುಳ್ಳು ಹೇಳಿದೆ. ನನ್ನ ರೊಟ್ಟಿ ಚಕ್ಕುಲಿಯಂತೆ ಮುರಿಯುತ್ತದೆ. ರೊಟ್ಟಿ ಬಡಿದವರು ಕಾಕು. ಚಾಚಾ ಬಂದದ್ದು ಹೀಗೆ: ಬಿಳಿ ಕುರ್ತಾ, ತಲೆಗೆ ಟೋಪಿ, ಎರಡೂ ಕೈ ಜೇಬಿನಲ್ಲಿ. ಹೊಸ್ತಿಲಲ್ಲಿ ನಿಂತು, "ಬರ್ಲೇನವಾ?" ಎಂದು ಕೇಳಿ ಒಳಗೆ ಬಂದು ಕೂತರು. ಕೂತು, ಮೇಲೆ ನೋಡಿದರು. ಫ್ಯಾನ್ ನಿಂತಿತ್ತು. ಕಿಟಕಿ ಮುಚ್ಚಿತ್ತು.

"ಲೈಟ್ ಹೋಗ್ಯಾವೇನು?"

"ಇಲ್ಲ," ಎಂದರು ಕಾಕಾ, ಡಬ್ಬಿ ತೆಗೆಯುತ್ತಾ. ವಿಮಾನ ತೆಗೆದು ಹಾಲ್‌ನ ಆ ತುದಿಗೆ ಹೋಗಿ ನಿಂತರು. ಎಡಗೈಯಲ್ಲಿ ರಟ್ಟು, ಬಲಗೈಯ ಎರಡು ಬೆರಳಲ್ಲಿ ವಿಮಾನ. ಚಾಚಾನ ಮುಖವನ್ನೇ ನೋಡುತ್ತಾ ನಿಂತರು.

ಚಾಚಾಗೆ ಅರ್ಥವಾಯಿತು. ಮುಖ ಗಂಟಿಕ್ಕಿತು. "ಇದಕ್ಕ ಕರಸೀರೇನು? ನಾ ಒಲ್ಲೆ."

ಕಾಕಾ ವಿಮಾನವನ್ನು ಇನ್ನೊಂದಿಷ್ಟು ಮೇಲೆತ್ತಿ ಹಿಡಿದರು. ಹಾಗೇ ನಿಂತರು. ಒಂದು ನಿಮಿಷ. ಎರಡು. ಐದು! ನನ್ನ ಬೆನ್ನಿನಲ್ಲಿ ಬೆವರು ಹೊಳೆಯಾಗಿ ಇಳಿಯುತ್ತಿದೆ. ಕಾಕುವಿನ ಕುಂಕುಮ ಮೂಗಿನವರೆಗೆ ಬಂದಿದೆ. ಸಾನ್ವಿ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ತಲೆಯಿಟ್ಟಿದ್ದಾಳೆ. ಚಾಚಾನ ಟೋಪಿಯ ಅಂಚು ಒದ್ದೆಯಾಗಿದೆ.

ಕಾಕುಗೆ ತಡೆಯಲಿಲ್ಲ. "ಅಣ್ಣಾರ, ನಿಮಗ ಕೈ ಮುಗೀತೀನಿ. ನೀವ್ ಕೈ ಎತ್ತೂತನಕ ಈ ಮನಷ್ಯಾ ಫ್ಯಾನ್ ಹಚ್ಚಗೊಡೂದಿಲ್ಲ. ನಾವೆಲ್ಲಾ ಇಲ್ಲೇ ಬೆಂದ್ ಹೋಗ್ತೀವಿ!"

"ಬಿದ್ದರ ಭಾಬೀ?" ಎಂದರು ಚಾಚಾ. ದನಿ ಸಣ್ಣದಾಗಿತ್ತು. "ಕೈ ಕೇಳೂದಿಲ್ಲ ನನ್ ಮಾತ. ಬಿದ್ದರ?"

ಆಗ ಕಾಕಾ ರಟ್ಟು ಕೆಳಗಿಟ್ಟು, ನಡೆದು ಬಂದು, ವಿಮಾನವನ್ನು ಚಾಚಾನ ತಲೆಯ ಮೇಲೆ ಎತ್ತಿ ಹಿಡಿದು ಬಿಟ್ಟುಬಿಟ್ಟರು. ಅದು ಟೋಪಿಗೆ ತಾಗಿ, ಹೆಗಲಿಗೆ ಜಾರಿ, ತೊಡೆಯ ಮೇಲೆ ಬಿತ್ತು.

"ಬಿತ್ತು," ಎಂದರು ಕಾಕಾ. "ಏನರ ಆತೇನು? ನನ್ ತಲೀ ಮ್ಯಾಲ ಹತ್ತ ಸಲಾ ಬೀಳಿಸಿ ನೋಡೀನಿ. ಇಕೀ ಮಾರಿ ಮ್ಯಾಲ ಬೀಳಿಸೀನಿ, ಎಚ್ಚರ ಸೈತ ಆಗ್ಲಿಲ್ಲ. ನಾಕ್ ವರ್ಷ ಹುಡುಕೀನಿ ಲಾಲಸಾಬ್, ಬಿದ್ದರ ಯಾರಿಗೂ ಏನೂ ಆಗದಂಥಾ ಲೋಡ್. ಈಗ ಸಿಕ್ಕೈತಿ. ನೀ ಸಿಗ್ನಲ್ ಕೊಡು, ನಾ ಎತ್ತತೀನಿ."

ಆ ಸ್ಟೂಲು, ಆ ಬೋಳುತಲೆ, "ಏಳ್ಲಿಲ್ಲ" ಎಂಬ ಆ ಕೂಗು! ಮರುಳು ಎಂದುಕೊಂಡು ನಾನು ಎಷ್ಟು ಮಂದಿಗೆ ಆ ಕಥೆ ಹೇಳಿ ನಗಿಸಿದ್ದೆ! ಅವತ್ತು ಅವರು ಗೆಳೆಯನಿಗಾಗಿ ತೂಕ ಪರೀಕ್ಷೆ ಮಾಡುತ್ತಿದ್ದರು. ನನಗೆ ನಾಚಿಕೆಯಾಯಿತು.

ಕಾಕಾ ತಿರುಗಿ ತಮ್ಮ ಜಾಗಕ್ಕೆ ಹೋಗಿ ನಿಂತರು. ಚಾಚಾ ಎದ್ದರು. ಬಲಗೈ ಜೇಬಿನಿಂದ ಹೊರಗೆ ಬಂತು. ಬಹಳ ನಡುಗುತ್ತಿತ್ತು, ಮೊಣಕೈಯವರೆಗೂ. ತೋರುಬೆರಳು ಮೇಲೆದ್ದು ತಿರುಗಿತು. ನೆಟ್ಟಗೆ ಅಲ್ಲ, ಹೇಗೇಗೋ. ತುಟಿಯಲ್ಲಿ "ಹಬೇಸ್" ಎಂಬ ಮಾತು ಬಂತು.

ವಿಮಾನ ಎದ್ದಿತು. ಚಾಚಾನ ಕೈ ನಡುಗಿದಾಗ ಕಾಕಾನ ರಟ್ಟೂ ನಡುಗಿತು. ಬೇಕೆಂದೇ, ಅದು ಎಷ್ಟೋ ಇದೂ ಅಷ್ಟೇ! ಸಿಗ್ನಲ್ ಹೇಗೋ ಲೋಡ್ ಹಾಗೆ. ವಿಮಾನವೂ ನಡುಗುತ್ತಾ, ವಾಲುತ್ತಾ, ಟೇಬಲ್ಲಿನ ಮೂಲೆ ದಾಟಿತು. ಫ್ರಿಜ್ ದಾಟಿತು, ಸಾನ್ವಿ ಉಸಿರು ಬಿಗಿಹಿಡಿದು ಬಾಗಿಲು ಮುಚ್ಚಿದಳು. ಕಾಕುವಿನ ಅಂಗೈ ಅಭ್ಯಾಸಬಲದಿಂದ ಮೇಲೇಳಲು ಹೋಯಿತು, ಅವರೇ ಇನ್ನೊಂದು ಕೈಯಿಂದ ಅದನ್ನು ಹಿಡಿದು ಕೂರಿಸಿದರು. ಟೇಬಲ್ಲಿನ ಪೂರ್ತಿ ಸುತ್ತು ಮುಗಿಯಿತು. ಚಾಚಾನ ಬೆರಳು ಕೆಳಗಾಯಿತು. ಆರಿಯಾ, ಆರಿಯಾ, ಆರಿಯಾ. ಆಗ ಅವರ ಎಡಗೈಯೂ ಜೇಬಿನಿಂದ ಹೊರಗೆ ಬಂತು, ಅಂಗೈ ಮೇಲೆ ಮಾಡಿ ಚಾಚಿತು. ವಿಮಾನ ಆ ಅಂಗೈ ಮೇಲೆ ಇಳಿಯಿತು.

ಚಾಚಾ ಅದನ್ನು ನೋಡುತ್ತಾ ನಿಂತರು. ಆಮೇಲೆ ಅವರು ನನ್ನ ಕಡೆ ತಿರುಗಿ ಬಲಗೈ ಬೆರಳನ್ನು ಮೇಲೆ ಮಾಡಿ ಗರಗರ ತಿರುಗಿಸಿದರು. ನಾನು ಬೆಪ್ಪಾಗಿ ನೋಡಿದೆ.

"ಫ್ಯಾನ್ ಹಚ್ಚು ಅನ್ನಾಕತ್ತಾನ ತಂಗಿ!" ಕಾಕಾ ಗದರಿದರು. "ಸಿಗ್ನಲ್ ತಿಳಿಯೂದಿಲ್ಲೇನ ನಿನಗ?"

ಸಂಜೆ ಮೂವರೂ ಒಂದೇ ಲೋಕಲ್‌ನಲ್ಲಿ ಹೊರಟರು. ಚಾಚಾ ಕುರ್ಲಾದಲ್ಲಿ ಇಳಿದು ವಡಾಲದ ಗಾಡಿ ಹಿಡಿಯಬೇಕು. ಮನೆ ಮುಟ್ಟಿದ ಮೇಲೆ ಕಾಕು ಫೋನ್ ಮಾಡಿದರು.

"ಮುಟ್ಟಿದಿವಿ ನೋಡವಾ. ಕುರ್ಲಾದಾಗ ಅಣ್ಣಾರು ಇಳದ್ರು. ಇಳದ ಮ್ಯಾಲ ಅವರು ಪ್ಲಾಟ್‌ಫಾರ್ಮ್ ಮ್ಯಾಲ, ಇವರು ಬಾಗಲ್ದಾಗ. ಶುರು ಆತು ಕೈ ಆಡಿಸೂದು! ಗಾಡಿ ಹೊಂಟು ಅವರು ಕಾಣದಂಗ ಆದ್ರೂ ಇವರು ಬಿಡವಲ್ಲರು. ಮಂದಿ ನಗಾಕತ್ತಿದ್ರು. ನಾ ಏನೂ ಅನ್ನಲಿಲ್ಲ. ಆಡಿಸ್ಲಿ ಅಂತ ಬಿಟ್ಟೆ."

"ಏನು ಅಷ್ಟು ಮಾತಾಡಿದರಂತೆ?" ಎಂದು ಕೇಳಿದೆ.

"ಮುಂದಿನ ಐತವಾರ ನಾವ್ ಬರೂದ್ರಾಗ ಫ್ಯಾನ್ ಬಂದ್ ಮಾಡಿ ಇಡಾಕ ಹೇಳು ಅಂದ್ರಂತ, ನಿನಗ."

ಫೋನ್ ಇಟ್ಟೆ. ಮಗಳು ಹೋಂವರ್ಕ್ ಮಾಡುತ್ತಿದ್ದಳು, ತಲೆಯ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ನಾನು ಎದ್ದುಹೋಗಿ ಅದನ್ನು ಆರಿಸಿ, ರೆಕ್ಕೆಗಳು ಪೂರ್ತಿ ನಿಲ್ಲುವವರೆಗೂ ನೋಡುತ್ತಾ ನಿಂತೆ.